ತೊಳೆದ ದಾರಿಗಳು

ಟಪ್.

ರೂಪಾಲಿ ಕಣ್ಣು ತೆರೆದಳು. ಗಡಿಯಾರದಲ್ಲಿ ಒಂದೂವರೆ ದಾಟಿತ್ತು. ಮಲಗುವ ಮುಂಚೆ ನಳ ಬಂದ್ ಆಗಿದೆಯೇ ಎಂದು ಎರಡು ಸಲ, ಗ್ಯಾಸ್ ಬಂದ್ ಆಗಿದೆಯೇ ಎಂದು ಮೂರು ಸಲ ನೋಡಿ ಬರುವ ಹೆಂಗಸು ಅವಳು. ಹಾಗಾಗಿ ಇದು ನಳದ ಸದ್ದಾಗಿರಲು ಸಾಧ್ಯವಿರಲಿಲ್ಲ. ಟಪ್. ಸ್ವಲ್ಪ ಬಿಟ್ಟು ಮತ್ತೆ, ಟಪ್ ಟಪ್. ಕಲ್ಲಿನ ಮೇಲೆ ನೀರು ಬೀಳುವ ಸದ್ದು.

ಪಕ್ಕದಲ್ಲಿ ಗಂಡ ಮುತ್ತಪ್ಪ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸದೆ ಅವಳು ಹಿತ್ತಿಲಿಗೆ ಬಂದಳು. ಬಾಗಿಲಿಗೆ ಅಗಳಿ ಇರಲಿಲ್ಲ, ಬರೀ ಮುಂದೆ ಮಾಡಿತ್ತು. ಹೊರಗೆ ದೀಪದ ಬೆಳಕಿನಲ್ಲಿ ಅತ್ತೆ ಸಾವಂತ್ರವ್ವ ಸೀರೆಯ ನೆರಿಗೆ ಎತ್ತಿ ಸಿಗಿಸಿಕೊಂಡು, ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಗೇಣುದ್ದದ ಬಿಳಿ ಚೌಕಗಳು, ಒಂದರ ಪಕ್ಕ ಒಂದು. ಅವುಗಳಿಂದ ಇಳಿದ ನೀರು ಒಗೆಯುವ ಕಲ್ಲಿನ ಮೇಲೆ ಬೀಳುತ್ತಿತ್ತು.

ರೂಪಾಲಿ ಎಣಿಸಲಿಲ್ಲ. ಎಷ್ಟಿವೆ ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ತೊಂದು.

"ಅತ್ತಿ... ಏನ್ ಮಾಡೀರಿ ಇದು?"

"ಸಣ್ಣಗ ಮಾತಾಡ. ಮುತ್ತಪ್ಪ ಎದ್ದಗಿದ್ದಾನು." ಮುದುಕಿ ಕೊನೆಯ ಬಟ್ಟೆಯನ್ನು ಕೊಡವಿ ಹಾಕಿದಳು. "ಒಗದೇನಿ. ಕಾಣಂಗಿಲ್ಲೇನ?"

ರೂಪಾಲಿಯ ಏಳು ವರ್ಷ ಹಗ್ಗದ ಮೇಲೆ ತೂಗಾಡುತ್ತಿತ್ತು, ಸಾಬೂನಿನ ವಾಸನೆ ಹೊಡೆಯುತ್ತ.

ಎಂಟು ವರ್ಷದ ಹಿಂದೆ ಮುತ್ತಪ್ಪ ಹಟ ಮಾಡಿ ಒಂದು ದೊಡ್ಡ ಬೈಕ್ ಕೊಂಡಿದ್ದ. ಆರೇ ತಿಂಗಳಿಗೆ ಅವನ ಬೆನ್ನಿನ ಮಣಿ ಸರಿದು, ಡಾಕ್ಟರು ಬೈಕ್ ಮುಟ್ಟಬೇಡ ಎಂದರು. ಬೈಕ್ ಮೆಟ್ಟಿಲ ಕೆಳಗೆ ಮುಸುಕು ಹಾಕಿಕೊಂಡು ನಿಂತಿತು. ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವ ರೂಪಾಲಿ ಒಂದು ದಿನ ಆ ಮುಸುಕು ತೆಗೆದಳು. ಊರಿನ ದಂಡು ಪ್ರದೇಶವಾದ ಕ್ಯಾಂಪಿನ ಅಗಲ ರಸ್ತೆಗಳಲ್ಲಿ ರವಿವಾರದ ಮುಂಜಾನೆ ಕಲಿತಳು. ಹೆದರುತ್ತ ಕಲಿತಳು, ಹೆದರುತ್ತಲೇ ಮೊದಲ ಸಲ ಖಾನಾಪುರದವರೆಗೆ ಹೋಗಿ ಮಲಪ್ರಭೆಯ ಸೇತುವೆಯ ಬಳಿ ನಿಲ್ಲಿಸಿದಳು. ಫೋಟೋ ತೆಗೆಯೋಣವೆಂದರೆ ಮೊಬೈಲ್ ಹಿಡಿದ ಕೈ ಅಲುಗಿ ಎಲ್ಲ ಮಸುಕು. ಗಾಡಿ ಒರೆಸಲೆಂದು ಓಣಿಯ ಫಕೀರವ್ವನ ಮಗ್ಗದಿಂದ ಕೇಳಿ ತಂದ ಬಿಳಿ ತುಂಡೊಂದು ಚೀಲದಲ್ಲಿತ್ತು. ಅದರಿಂದ ಪೆಟ್ರೋಲ್ ಟ್ಯಾಂಕ್ ಒರೆಸಿದಳು. ಬಟ್ಟೆಯ ಮೇಲೆ ಖಾನಾಪುರದ ಕೆಂಪು ಧೂಳು ಅಂಗೈಯಗಲ ಮೂಡಿತು. ಯಾವ ಫೋಟೋಕ್ಕೂ ಬಾರದ ಬಣ್ಣ. ಮಡಚಿ ಇಟ್ಟುಕೊಂಡಳು, ಮೂಲೆಯಲ್ಲಿ ಪೆನ್ನಿನಿಂದ ಊರು, ತಾರೀಖು ಬರೆದಳು.

ಅಂದಿನಿಂದ ಎಲ್ಲಿಗೆ ಹೋದರೂ ಅಷ್ಟೇ. ಹೋದ ಕಡೆಯ ಕೊನೆಯ ಊರಿನಲ್ಲಿ ಗಾಡಿ ನಿಲ್ಲಿಸಿ, ಹೊಸ ಬಟ್ಟೆಯಿಂದ ಟ್ಯಾಂಕ್ ಒಂದೇ ಸಲ ಒರೆಸಿ, ಹೆಸರು ಬರೆದು, ಟ್ರಂಕಿನಲ್ಲಿ ಇಡುವುದು.

ಬರುವ ರವಿವಾರ ಊರಿನ ಬೈಕ್ ಬಳಗದವರು ಕ್ಯಾಂಪಿನ ಹಳೆಯ ಬಂಗಲೆಯೊಂದರಲ್ಲಿ ತಮ್ಮ ತಮ್ಮ ಪ್ರವಾಸದ ನೆನಪುಗಳನ್ನು ಪ್ರದರ್ಶನಕ್ಕೆ ಇಡುವವರಿದ್ದರು. ಬಳಗದ ಮುಖ್ಯಸ್ಥ ಓಂಕಾರ ಗೋಡೆಯಗಲದ ನಕ್ಷೆಗೆ ಮೊಳೆ ಹೊಡೆದು, ಹೋದ ದಾರಿಗೆಲ್ಲ ಬಣ್ಣದ ದಾರ ಎಳೆದಿದ್ದ. ಮೇಘಾ ಎಂಬ ಹುಡುಗಿ ಹೆಲ್ಮೆಟ್ಟಿನ ಮೇಲೆ ಒಂದೊಂದು ಪ್ರವಾಸಕ್ಕೆ ಒಂದೊಂದು ಗೆರೆ ಬಿಡಿಸಿ ಹೆಲ್ಮೆಟ್ಟೇ ಕಾಣದಂತೆ ಮಾಡಿದ್ದಳು. ಇನ್ನೊಬ್ಬ ಸವೆದ ಚೈನ್ ಚಕ್ರದಿಂದ ಗಡಿಯಾರ ಮಾಡಿದ್ದ.

"ಮೇಡಂ, ನಿಮ್ಮ ಕಡೆ ಫೋಟೋ ಎಷ್ಟ ಅದಾವ್ರಿ?" ಓಂಕಾರ ಕೇಳಿದ್ದ.

"ಒಂದೂ ಇಲ್ಲ."

"ವಿಡಿಯೋ?"

"ಇಲ್ಲ."

"ಮತ್ತೇನ್ ಹಚ್ಚತೀರಿ ಗ್ವಾಡಿಗೆ, ಅರಿಬೀನ?"

ಬಟ್ಟೆಯ ಮಾತಿಗೆ ಎಲ್ಲರೂ ನಕ್ಕಿದ್ದರು. "ಹೌದು, ಅರಿಬೀನ ಹಚ್ಚತೀನಿ. ಬಾಗಲ ಬಾಜುದ ಗ್ವಾಡಿ ಪೂರಾ ನನಗ ಬೇಕು," ಎಂದು ರೂಪಾಲಿ ಹೇಳಿದ್ದಳು. ಆ ಮಾತು ಹಿಂದೆ ತೆಗೆದುಕೊಂಡಿರಲಿಲ್ಲ.

ಆ ಗೋಡೆಯ ಹಿಂದೆ ಇನ್ನೊಂದು ಲೆಕ್ಕವಿತ್ತು. ಫೆಬ್ರುವರಿಯಲ್ಲಿ ಬಳಗ ಹತ್ತು ದಿನದ ಸವಾರಿಗೆ ಕಛ್‌ವರೆಗೆ ಹೊರಟಿತ್ತು. ಹೋಗಲೇಬೇಕೆಂದು ರೂಪಾಲಿಯ ಆಸೆ. ಮುತ್ತಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಏಳ ವರ್ಷ ತಿರುಗಿದಿ. ಏನ್ ಸಿಕ್ತ ನಿನಗ? ರವಿವಾರ ನಿನ್ನ ಗ್ವಾಡಿ ನೋಡತೀನಿ, ಆಮ್ಯಾಲ ಹೇಳತೀನಿ," ಅಂದಿದ್ದ. ಅವನು ಆ ಬಟ್ಟೆಗಳನ್ನು ಒಮ್ಮೆಯೂ ನೋಡಿರಲಿಲ್ಲ.

"ಕೌದಿಗೆ ಹಳೀ ಸೀರಿ ಹುಡುಕಾಕ ಟ್ರಂಕ್ ತಗದ್ನಿ," ಸಾವಂತ್ರವ್ವ ಒಗೆಯುವ ಕಲ್ಲಿನ ಮೇಲೆ ಕುಳಿತು ಹೇಳಿದಳು. "ಬಿಚ್ಚಿ ನೋಡತೀನಿ, ಊರೂರ ಮಣ್ಣ! ಮನಿಯೊಳಗ, ಮಲಗೂ ಖೋಲಿಯೊಳಗ! ದಾರಿ ಮಣ್ಣ ಮನಿಯಾಗ ಇಟಗೊಂಡ್ರ ದಾರಿ ಕರೀತೈತಿ, ಹುಡುಗಿ. ನಿಮ್ಮ ಮಾವ ಕುರಿ ಹೊಡಕೊಂಡ ತಿಂಗಳಗಟ್ಲೆ ಹೋಗಿ ಬಂದ್ರ, ಊರ ಹೊರಗಿನ ಹಳ್ಳದಾಗ ಕಾಲ ತೊಳಕೊಂಡ, ಕಂಬಳಿ ಜಾಡಿಸೇ ಒಳಗ ಬರತಿದ್ರು. ಒಂದ ವರ್ಷ ಜ್ವರ ಬಂದಿತ್ತಂತ ಕಾಲ ತೊಳಕೊಳ್ಳದ ಹಂಗ ಒಳಗ ಬಂದ್ರು. ನಾನೂ ಸುಮ್ಮನಿದ್ನಿ. ಮುಂದಿನ ಸರ್ತಿ ಹೋದವರು..." ಅವಳು ಮಾತು ಅಲ್ಲಿಗೇ ಬಿಟ್ಟಳು. ಮಾವ ಹಣಮಪ್ಪ ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನನ್ನ ಒಂದ ಮಾತ ಕೇಳಬೇಕಿತ್ತಲ್ರಿ ಅತ್ತಿ."

ಸಾವಂತ್ರವ್ವ ಸೊಸೆಯ ಬಲಗೈ ಹಿಡಿದು ದೀಪಕ್ಕೆ ತಿರುಗಿಸಿದಳು. ಅಂಗೈಯಲ್ಲಿ ಇನ್ನೂ ಗುಲಾಬಿ ಬಣ್ಣ ಬಿಡದ ಗಾಯದ ಗುರುತು. "ಇದು ಲೈಬ್ರರಿ ಕಪಾಟ ತರಚಿದ್ದಂತ ಹೇಳಿದ್ದಿ. ಕಡೀ ಬಟ್ಟಿಯಾಗ ರಕ್ತ ಇತ್ತು. ಎಲ್ಲಿ ಬಿದ್ದಿ?"

ರೂಪಾಲಿ ತಡವರಿಸಿದಳು. "ಜಾಂಬೋಟಿ ರೋಡಿನಾಗ. ಖಾನಾಪುರ ದಾಟಿ. ತಿರುವಿನಾಗ ಉಸುಕಿತ್ತು."

"ಆ ರಕ್ತ ಮುತ್ತಪ್ಪ ನೋಡಿದ್ರ ನಾಳೆ ಮುಂಜಾನೆ ಗಾಡಿ ಮಾರತಿದ್ದ. ಅದಕ್ಕ ರಾತ್ರೋರಾತ್ರಿ ಒಗದ್ನಿ. ಹೋಗ, ಮಲಕೋ."

ರೂಪಾಲಿ ಮಲಗಿದಳು, ನಿದ್ದೆ ಮಾಡಲಿಲ್ಲ. ಮಳೆ ನಿಂತ ಹೊಸದರಲ್ಲಿ ಅವಳು ಆ ತಿರುವಿನಲ್ಲಿ ಗಾಡಿಯ ಸಮೇತ ಮಗುಚಿದ್ದಳು. ಎದ್ದು, ಅಂಗೈಯಿಂದ ರಕ್ತ ಸೋರುತ್ತಿದ್ದರೂ, ರೂಢಿಯಂತೆ ಟ್ಯಾಂಕ್ ಒರೆಸಿದ್ದಳು. ಯಾರಿಗೂ ಹೇಳಿರಲಿಲ್ಲ.

ಬೆಳಗಾಗಿ ಮುತ್ತಪ್ಪ ಪವರ್‌ಲೂಮಿಗೆ ಹೋದ ಮೇಲೆ ಅವಳು ಒಣಗಿದ ಬಟ್ಟೆಗಳನ್ನು ಮಾಳಿಗೆಯ ಮೇಲೆ ಸಾಲಾಗಿ ಹಾಸಿದಳು. ಪೆನ್ನಿನ ಅಕ್ಷರ ಒಂದೂ ಉಳಿದಿರಲಿಲ್ಲ. ನೀಲಿ ಮಚ್ಚೆಯಾಗಿ ಹರಡಿಹೋಗಿತ್ತು. ಬಾದಾಮಿ ಯಾವುದು, ನವಲಗುಂದ ಯಾವುದು ಎಂದು ಅವಳಿಗೇ ತಿಳಿಯಲಿಲ್ಲ. ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ರೊಟ್ಟಿ ತಟ್ಟಿ ಮುಂದಿಟ್ಟು ಎದ್ದು ಹೋಗುತ್ತಿದ್ದಳು.

"ಏನ್ ಬೇ ಯವ್ವಾ, ನಿನ್ನ ಸೊಸಿ ಬಾಯಾಗ ಅವಲಕ್ಕಿ ತುಂಬಕೊಂಡಾಳೇನ?" ಮುತ್ತಪ್ಪ ಊಟಕ್ಕೆ ಕುಳಿತಾಗ ಕೇಳಿದ.

"ಓದಿದಾಕಿ. ವಿಚಾರ ಮಾಡಕತ್ತಾಳ. ನೀ ಉಣ್ಣ," ಅಂದಳು ಸಾವಂತ್ರವ್ವ.

ನಿಜಕ್ಕೂ ರೂಪಾಲಿ ವಿಚಾರ ಮಾಡುತ್ತಿದ್ದಳು, ಅದೂ ನಾಚಿಕೆಗೇಡಿನದು. ಮಂಗಳವಾರ ಸಂಜೆ ಹಿತ್ತಿಲ ತುಳಸಿಯ ಬುಡದಿಂದ ಒಂದು ಹಿಡಿ ಮಣ್ಣು ತಂದು, ನೀರು ಚಿಮುಕಿಸಿ, ಒಂದು ಬಟ್ಟೆಗೆ ಉಜ್ಜಿದಳು. ಚೆನ್ನಾಗಿಯೇ ಹತ್ತಿತು. ಮೂಲೆಯಲ್ಲಿ ಬಾದಾಮಿ ಎಂದು ಬರೆದಳು. ಯಾರಿಗೆ ಗೊತ್ತಾಗುತ್ತದೆ? ಓಂಕಾರನಿಗೆ ಗೊತ್ತಾಗುವುದಿಲ್ಲ, ಮುತ್ತಪ್ಪನಿಗಂತೂ ಇಲ್ಲ. ಆದರೆ ಪುಸ್ತಕ ತಪ್ಪು ಕಪಾಟಿನಲ್ಲಿದ್ದರೆ ರಾತ್ರಿಯೆಲ್ಲ ಅದನ್ನೇ ನೆನೆಯುವವಳು ಅವಳು. ಬಾದಾಮಿಯಲ್ಲಿ ಬಿಸಿಲಿಗೆ ಟ್ಯಾಂಕ್ ಕೈ ಸುಡುತ್ತಿತ್ತು. ಒಬ್ಬ ಮುದುಕ ನೀರು ಕೊಟ್ಟು, ಎಲ್ಲಿಂದ ಬಂದ್ಯವಾ ಒಬ್ಬಾಕೆನ, ಎಂದು ಕೇಳಿದ್ದ. ತುಳಸಿಯ ಮಣ್ಣಿನಲ್ಲಿ ಆ ಮುದುಕನಿರಲಿಲ್ಲ. ಅವಳು ಎದ್ದು ಹೋಗಿ ಆ ಬಟ್ಟೆಯನ್ನು ತನ್ನ ಕೈಯಿಂದಲೇ ಒಗೆದಳು. ಒಗೆಯುತ್ತ ಗಟ್ಟಿ ಮಾಡಿಕೊಂಡಳು: ಉಳಿದದ್ದೇನಿದೆಯೋ ಅದನ್ನೇ ಹಚ್ಚುತ್ತೇನೆ. ಗೋಡೆ ಬಿಟ್ಟುಕೊಡುವುದಿಲ್ಲ.

ಹಿಂಡಿ ಕೊಡವಿದಾಗ ಅವಳು ಮೊದಲ ಸಲ ಸರಿಯಾಗಿ ನೋಡಿದಳು. ತುಳಸಿಯ ಮಣ್ಣು ಪೂರ್ತಿ ಹೋಗಿತ್ತು. ಆದರೆ ಅದರ ಕೆಳಗೆ ಹಳೆಯದೊಂದು ಕಲೆ ಇನ್ನೂ ಇತ್ತು. ಉದುರಿದ ದಾಳಿಂಬೆ ಹೂವಿನ ಬಣ್ಣದ್ದು, ತೀರ ತೆಳುವಾಗಿ. ಓಡಿಹೋಗಿ ಉಳಿದ ಬಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದೂ ಪೂರಾ ಬೆಳ್ಳಗಿರಲಿಲ್ಲ. ಒಂದರಲ್ಲಿ ಬೂದಿ, ಒಂದರಲ್ಲಿ ಹಳದಿ, ಒಂದರಲ್ಲಿ ಇಟ್ಟಿಗೆ. ಸಾಬೂನು ಧೂಳು ತೆಗೆದಿತ್ತು, ಮಣ್ಣಿನ ಬಣ್ಣ ತೆಗೆದಿರಲಿಲ್ಲ.

ಬಾಗಿಲಲ್ಲಿ ಸಾವಂತ್ರವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ತಾ ಇಲ್ಲೆ," ಅಂದಳು.

ಬಟ್ಟೆಯನ್ನು ಹೆಬ್ಬೆರಳಿನಿಂದ ಸವರಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಇದು ಎರಿ ಮಣ್ಣ. ಇಷ್ಟ ಕರ್ರಗ ಅಂದ್ರ ನವಲಗುಂದದ ಕಡೇದು. ಮಳಿಗಾಲದಾಗ ಕಾಲ ಹಿಡದ್ರ ಕೆರ ಅಲ್ಲೇ ಬಿಟ್ಟ ಬರಬೇಕ. ಹೋಗಿದ್ದೇನ?"

"ಹೋಗಿದ್ದೆ. ಎರಡ ವರ್ಷದ ಹಿಂದ."

"ಇದು ಮಸಾರಿ, ಕೆಂಪ ಮಣ್ಣ. ಗದಗ ದಾಟಿದ ಮ್ಯಾಲ ಹಿಂಗ. ಇದು ನೋಡ, ಗೋಕಾಕ. ಅರ್ಧ ಕೆಂಪ, ಅರ್ಧ ಕರಿ, ಯಾರ ಮಾತೂ ಕೇಳದ ಮಣ್ಣ, ನನ್ನ ತವರಮನಿ!" ಮುದುಕಿ ನಕ್ಕಳು. ಹುಡುಗಿಯಾಗಿದ್ದಾಗ ಕುರಿಯ ಹಿಂದೆ ಬರಿಗಾಲಲ್ಲಿ ನಡೆದವಳು. ಮದುವೆಯಾದ ಮೇಲೂ ಹತ್ತು ವರ್ಷ ನಡೆದವಳು. ರೂಪಾಲಿ ಗಾಡಿಯ ಮೇಲೆ ಹೋದ ಮುಕ್ಕಾಲು ದಾರಿಗಳನ್ನು ಅವಳು ಅಂಗಾಲಿನಿಂದ ಬಲ್ಲಳು. ರೂಪಾಲಿ ಕಾಲೇಜಿಗೆ ಅರ್ಧ ದಿನದ ರಜೆ ಹಾಕಿ ಬಂದಳು, ಮೂರು ದಿನ ಮಧ್ಯಾಹ್ನವೆಲ್ಲ ಇಬ್ಬರೂ ಕೂತರು. ಅತ್ತೆ ಮಣ್ಣು ಹೇಳುತ್ತಿದ್ದಳು. ಸೊಸೆ ಯಾವ ರಜೆಯಲ್ಲಿ ಎಲ್ಲಿಗೆ ಹೋದೆನೆಂದು ಬರೆದಿಟ್ಟ ಡೈರಿ ತೆಗೆದು ತಾರೀಖು ಹೊಂದಿಸುತ್ತಿದ್ದಳು. ಈ ಸಲ ಪೆನ್ನು ಬೇಡವೆಂದು ಸಾವಂತ್ರವ್ವ ಕೌದಿಯ ಸೂಜಿ ತಂದಳು. ರೂಪಾಲಿ ಪೆನ್ಸಿಲಿನಿಂದ ಬರೆದ ಅಕ್ಷರದ ಮೇಲೆ ಅವಳು ಕೌದಿಯ ಹೊಲಿಗೆ ಹಾಕಿದಳು. ಓದಲು ಬಾರದವಳ ಕೈಯಲ್ಲಿ ಬಾದಾಮಿ, ನವಲಗುಂದ, ಯಲ್ಲಮ್ಮನ ಗುಡ್ಡ ಎಲ್ಲ ನೆಟ್ಟಗೆ ನಿಂತವು.

ಎರಡು ಬಟ್ಟೆ ಅವಳಿಗೂ ತಿಳಿಯಲಿಲ್ಲ. "ಇವು ಸಮುದ್ರದ ಕಡೇವ ಇರಬೇಕ. ಅಲ್ಲಿಗೆ ನಮ್ಮ ಕುರಿ ಹೋಗಂಗಿಲ್ಲ, ಕಾಲ ಕೊಳೀತಾವ," ಅಂದಳು. ಡೈರಿಯಲ್ಲಿ ಉಳಿದಿದ್ದದ್ದು ಕಾರವಾರ, ಗೋಕರ್ಣ. ಸರಿಹೋಯಿತು.

ಕೊನೆಗೆ ಉಳಿದದ್ದು ರಕ್ತದ್ದು. ಕಂದು ಕಲೆ ಹಾಗೇ ಇತ್ತು.

"ಇದನ್ನ ಹಚ್ಚಂಗಿಲ್ಲ," ಎಂದಳು ರೂಪಾಲಿ.

"ಹಚ್ಚಬೇಕ," ಎಂದಳು ಅತ್ತೆ. "ಬಿಟ್ರ ಇಪ್ಪತ್ತ ಆಗತಾವ. ಆದ್ರ ಹಿಂಗ ಅಲ್ಲ. ರಕ್ತ ಬಿದ್ದ ಜಾಗಕ್ಕ ಏನೂ ಕೊಡದ ಬಂದೀಯಲ್ಲ? ನಾಳೆ ನನ್ನ ಅಲ್ಲಿಗೆ ಕರಕೊಂಡ ನಡಿ."

"ಬಸ್ಸಿನಾಗ?"

"ಬಸ್ಸ ಆ ತಿರುವಿನಾಗ ನಿಂದರತೈತೇನ? ಗಾಡಿ ಮ್ಯಾಲ."

"ಅತ್ತಿ, ನಿಮಗ ಎಪ್ಪತ್ತೊಂದ. ಬಿದ್ದ ಗಿದ್ದರ?"

"ಎತ್ತ, ಕತ್ತೆ, ಟಗರ, ಎಲ್ಲಾದರ ಮ್ಯಾಲೂ ಕುಂತೇನಿ. ಇದಕ್ಕ ಕೋಡಂತೂ ಇಲ್ಲ. ನಡಿ."

ಶನಿವಾರ ಮುತ್ತಪ್ಪ ಕೆಲಸಕ್ಕೆ ಹೋದ ಮೇಲೆ ಹೊರಟರು. ರೂಪಾಲಿ ಚೈನು, ಬ್ರೇಕು, ಗಾಳಿ ಎಲ್ಲ ಎರಡೆರಡು ಸಲ ನೋಡಿದಳು. ಅತ್ತೆಯ ತಲೆಗೆ ಹೆಲ್ಮೆಟ್ ಹಾಕಿದಾಗ ಓಣಿಯ ಫಕೀರವ್ವ ಮಗ್ಗ ಬಿಟ್ಟು ಹೊರಗೆ ಬಂದಳು. "ಏ ಸಾವಂತ್ರಿ, ಕೊಡಪಾನ ಯಾಕ ಬೋರಲ ಹಾಕ್ಕೊಂಡಿ?" "ನಿನ್ನ ದೃಷ್ಟಿ ತಾಗಬಾರದಂತ!" ಎಂದು ಕೊಡಪಾನದೊಳಗಿಂದ ಉತ್ತರ ಬಂತು.

ಮೂರನೇ ರೈಲ್ವೆ ಗೇಟು ದಾಟಿ ಖಾನಾಪುರದ ರಸ್ತೆ ಹಿಡಿದಾಗ ಮುದುಕಿ ರೂಪಾಲಿಯ ಸೊಂಟವನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಉಸಿರಾಡುವುದೇ ಕಷ್ಟವಾಗಿತ್ತು. ದೇಸೂರು ದಾಟಿದ ಮೇಲೆ ಹಿಡಿತ ಸಡಿಲಾಯಿತು. ಖಾನಾಪುರದಲ್ಲಿ ಚಹಾ ಕುಡಿಯಲು ನಿಂತಾಗ ಅಂಗಡಿಯ ಹೆಂಗಸು ಕಣ್ಣರಳಿಸಿ, ಗಾಡಿಯ ಮೇಲೆ ಎಲ್ಲಿಗೆ ಹೊರಟಿರಿ ಅಜ್ಜಿ ಎಂದು ಮರಾಠಿಯಲ್ಲಿ ಕೇಳಿದಳು, "ಕುಠಂ ಚಾಲಲಾತ್ ಆಜಿ, ಗಾಡೀವರ್?"

"ಸೂನ್‌ಬಾಯಿಗೆ, ಈ ನನ್ನ ಸೊಸಿಗೆ, ದಾರಿ ತೋರಸಾಕ," ಅಂದಳು ಸಾವಂತ್ರವ್ವ, ಬಶಿಯಲ್ಲಿ ಚಹಾ ಸುರಿದುಕೊಳ್ಳುತ್ತ.

ತಿರುವು ಸಮೀಪಿಸಿತು. ಬಿದ್ದ ದಿನದ ನಂತರ ಅವಳು ಈ ರಸ್ತೆಗೆ ಬಂದಿರಲಿಲ್ಲ. ಉಸುಕು ಇನ್ನೂ ಅಲ್ಲೇ ಇತ್ತು, ರಸ್ತೆಯ ಒಳಬದಿಗೆ. ವೇಗ ಇಳಿಸಿ, ಹೊರಬದಿಯಿಂದ ಬಳಸಿ, ಗಾಡಿ ನಿಲ್ಲಿಸಿ ಕಾಲೂರಿದಳು. ಗಾಡಿ ಅಲುಗಲಿಲ್ಲ.

ಸಾವಂತ್ರವ್ವ ಇಳಿದು, ಸೆರಗಿನ ಗಂಟು ಬಿಚ್ಚಿದಳು. ಬೀರಪ್ಪನ ಗುಡಿಯಿಂದ ತಂದಿಟ್ಟ ಭಂಡಾರ, ಅರಿಶಿನದ ಪುಡಿ. ಮೂರು ಚಿಟಿಕೆ ನೆಲಕ್ಕೆ ಹಾಕಿದಳು. ಒಂದು ಚಿಟಿಕೆ ಸೊಸೆಯ ಹಣೆಗೆ. ಒಂದು ಹಿಡಿಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ, ದೇವರ ಪಲ್ಲಕ್ಕಿಗೆ ಎರಚಿದಂತೆ ಎರಚಿದಳು.

"ಈಗ ಒರಸ. ಅದ ಬಟ್ಟಿಯಿಂದ."

ರೂಪಾಲಿ ಒರೆಸಿದಳು, ರೂಢಿಯಂತೆ ಒಂದೇ ಸಲ. ಕಂದು ಕಲೆಯ ಮೇಲೆ ಖಾನಾಪುರದ ಕೆಂಪು, ಅದರ ಮೇಲೆ ಅರಿಶಿನದ ಹಳದಿ.

"ಇನ್ನ ಇದು ಬರೇ ದಾರಿ ಮಣ್ಣಲ್ಲ. ಮನಿಯಾಗ ಇಡಬಹುದು," ಎಂದಳು ಮುದುಕಿ. ಆಮೇಲೆ ಆ ಉಸುಕಿನ ಕಡೆ ತಿರುಗಿದಳು. "ನಿಮ್ಮ ಮಾವ ಬಿದ್ದ ಜಾಗಕ್ಕ ನನ್ನ ಯಾರೂ ಕರಕೊಂಡ ಹೋಗಲಿಲ್ಲ ನೋಡ. ಹೆಂಗಸರಿಗೇನ ಕೆಲಸ ಅಲ್ಲಿ ಅಂದ್ರು."

ರೂಪಾಲಿ ಕಾಲಿನಿಂದ ಉಸುಕನ್ನು ರಸ್ತೆಯ ಬದಿಗೆ ತಳ್ಳತೊಡಗಿದಳು. ಸಾವಂತ್ರವ್ವನೂ ಚಪ್ಪಲಿಯಿಂದ ತಳ್ಳಿದಳು. ತಿರುವು ಸ್ವಚ್ಛವಾಗುವ ತನಕ ಇಬ್ಬರೂ ಅಲ್ಲಿಂದ ಹೊರಡಲಿಲ್ಲ.

ರವಿವಾರ ಬಂಗಲೆಯ ಗೋಡೆಗೆ ಅಡ್ಡವಾಗಿ ಮೂರು ಹಗ್ಗ ಕಟ್ಟಿ, ಒಂದೊಂದಕ್ಕೆ ಏಳೇಳು ಬಟ್ಟೆ ಹಾಕಿದಳು. ಕೆಳಗೆ ಒಂದು ಚೀಟಿ ಅಂಟಿಸಿದಳು. ಅದರ ಮಾತನ್ನು ನಾಲ್ಕು ಸಲ ಹೊಡೆದು ಹಾಕಿ ಬರೆದಿದ್ದಳು: "ಏಳು ವರ್ಷ, ಇಪ್ಪತ್ತೊಂದು ದಾರಿ. ಒಮ್ಮೆ ಒಗೆಯಲಾಗಿದೆ."

ಓಂಕಾರ ಮೊದಲು ನಗಲು ಬಂದ. ಹೊಲಿದ ಹೆಸರು ಓದುತ್ತ, ಕಲೆ ನೋಡುತ್ತ, ಮೊದಲ ಹಗ್ಗದಿಂದ ಮೂರನೆಯದಕ್ಕೆ ಬರುವಷ್ಟರಲ್ಲಿ ನಗುವುದನ್ನು ಮರೆತಿದ್ದ. "ಇಲ್ಲಿಗೆ ನಾನೂ ಹೋಗೇನಿ ಮೇಡಂ. ಫೋಟೋ ಇನ್ನೂರ ಅದಾವ. ಮಣ್ಣ ಯಾವ ಬಣ್ಣ ಇತ್ತಂತ ಕೇಳಿದ್ರ ಮಾತ್ರ ನೆನಪಿಲ್ರಿ," ಅಂದ. ಮೇಘಾ ತನ್ನ ಹೆಲ್ಮೆಟ್ ಬಿಟ್ಟು ಬಂದು ಇಲ್ಲೇ ನಿಂತಳು.

ಮುತ್ತಪ್ಪ ಮಧ್ಯಾಹ್ನ ಇಬ್ಬರು ಗೆಳೆಯರ ಜೊತೆ ಬಂದ. ಒಂದೊಂದೇ ನೋಡಿದ. ಕೊನೆಯದರ ಮುಂದೆ ನಿಂತ.

"ಇದೇನ, ಭಂಡಾರ?"

"ಖಾನಾಪುರದ್ದು," ಅಂದಳು ಸಾವಂತ್ರವ್ವ. ಅವಳು ಮೂಲೆಯ ಕುರ್ಚಿಯಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು, ಅದು ತನ್ನದೇ ಎಂಬಂತೆ.

"ನಡುವ ಇದೇನ ಕಂದು ಕಲೆ?"

"ಮಣ್ಣ ಹಂಗ ಇರತೈತಿ ಅಲ್ಲಿ. ನೀ ಏನ್ ಕುರಿ ಕಾಯ್ದೀಯ, ನಿನಗ ಗೊತ್ತಾಗಾಕ?"

ಗೆಳೆಯರು ನಕ್ಕರು. ಮುತ್ತಪ್ಪ ಚೀಟಿ ಓದಿ ಹೆಂಡತಿಯ ಕಡೆ ತಿರುಗಿದ. "ಯಾಕ ಒಗದಿ? ಧೂಳ ಇದ್ದದ್ದ ಛಲೋ ಇರತಿತ್ತಲ್ಲ?"

"ಒಗೀಬೇಕಾಗಿತ್ತು ರೀ."

ಅವನು ಮತ್ತೊಮ್ಮೆ ಮೊದಲ ಹಗ್ಗದ ಮೊದಲ ಬಟ್ಟೆಯ ಹತ್ತಿರ ಹೋಗಿ ಬಂದ. ಬೆನ್ನಿಗೆ ಕೈ ಒತ್ತಿಕೊಂಡು ನಿಂತ. ಈ ಗಾಡಿಯನ್ನು ಹಟ ಮಾಡಿ ಕೊಂಡವನು ಅವನು.

"ಕಛ್‌ದಾಗ ಮಣ್ಣ ಯಾವ ಬಣ್ಣ ಇರತೈತಿ?" ಎಂದು ಕೇಳಿದ.

"ಬೆಳ್ಳಗಂತ. ಉಪ್ಪ."

"ಹಂಗಾದ್ರ ಕರಿ ಬಟ್ಟಿ ಒಯ್ಯಿ. ಬಿಳೀದ್ರಾಗ ಏನ್ ಕಂಡೀತ?"

ರೂಪಾಲಿ ತಲೆಯಾಡಿಸಿದಳು. ಅವನು ಗೆಳೆಯರನ್ನು ಕರೆದುಕೊಂಡು ಓಂಕಾರನ ನಕ್ಷೆಯ ಕಡೆ ಹೋದ. ಆ ತಿರುವಿನ ಸಂಗತಿ ಈಗ ಹೇಳಿಬಿಟ್ಟರೂ ನಡೆದೀತು ಎಂದು ಒಂದು ಗಳಿಗೆ ಅವಳಿಗೆ ಅನಿಸಿತು. ಆದರೆ ಅದನ್ನು ಹೇಳಿದರೆ ಒಗೆದ ಕೈ ಯಾರದೆಂದು ಹೇಳಬೇಕು. ಅದನ್ನು ಹೇಳಿದರೆ ಯಾಕೆಂದು ಹೇಳಬೇಕು. ಹಣಮಪ್ಪನ ತೊಳೆಯದ ಕಾಲುಗಳ ತನಕ ಹೋಗಬೇಕು. ಅಂದು ತಡೆಯದೆ ಸುಮ್ಮನಿದ್ದೆನೆಂಬ ಭಾರವನ್ನು ಮುದುಕಿ ಇಷ್ಟು ವರ್ಷ ಮಗನಿಗೂ ತೋರಿಸದೆ ಹೊತ್ತಿದ್ದಳು, ಅದನ್ನು ಇಳಿಸಿದ್ದು ತನ್ನೊಬ್ಬಳ ಮುಂದೆ.

ಕುರ್ಚಿಯಿಂದ ಸಾವಂತ್ರವ್ವ ಅವಳನ್ನೇ ನೋಡುತ್ತಿದ್ದಳು.

ಯಾರೋ ಹುಡುಗಿಯೊಬ್ಬಳು ಬಂದು, "ಆಂಟಿ, ಇವನ್ನ ಒಗದವರ ಯಾರ್ರಿ? ಬೇಕಂತಲೇ ಒಗದೀರೇನ?" ಎಂದು ಕೇಳಿದಳು. ರೂಪಾಲಿ ಗಾಳಿಗೆ ಮಗುಚಿದ್ದ ಗೋಕಾಕದ ಬಟ್ಟೆಯನ್ನು ನೆಟ್ಟಗೆ ಮಾಡಿದಳು. ಒಗೆದವರು ಯಾರು, ಯಾಕೆ ಎಂಬುದನ್ನು ಯಾರಿಗೂ, ಎಂದಿಗೂ ಹೇಳುವುದಿಲ್ಲ ಎಂದು ಆಗಲೇ ಗಟ್ಟಿ ಮಾಡಿಕೊಂಡಿದ್ದಳು. "ಅದಿರಲಿ, ಈ ಮಣ್ಣ ನೋಡ ಬಾ," ಎಂದು ಹುಡುಗಿಯ ಕೈ ಹಿಡಿದು ಮೊದಲ ಹಗ್ಗದ ಕಡೆ ನಡೆದಳು.